ಬೂದಿ ಮುಚ್ಚಿದ ಕೆಂಡ: ಅಗ್ಗಿಷ್ಟಿಕೆ ತೆಗೆದ ಮನೆಯಲ್ಲಿ ಉಳಿಯುವ ಅನಿಲದ ಕೊಳವೆ

ಬೆಂಕಿ ಆರಿತು ಎಂದು ಹೇಳುವುದು ಸುಲಭ. ಆರಿದೆಯೇ ಎಂದು ನೋಡಿ ತಿಳಿಯುವುದು ಗೃಹಸ್ಥನ ಕರ್ತವ್ಯ. ಸೌದೆ ಒಲೆಯ ಕಾಲದಲ್ಲಿ ನಮ್ಮ ತಾಯಂದಿರು ರಾತ್ರಿಯ ಅಡುಗೆ ಮುಗಿದ ಮೇಲೆ ಬೂದಿಯನ್ನು ಕೆದಕಿ, ಕೆಂಡವಿದ್ದರೆ ನೀರು ಚಿಮುಕಿಸಿ, ಆ ಬಳಿಕವೇ ಮಲಗಲು ಹೋಗುತ್ತಿದ್ದರು. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿ ಅಂತಹ ಒಲೆಗಳ ಮುಂದೆಯೇ ಹುಟ್ಟಿರಬೇಕು. ಕಾಣುವ ಬೆಂಕಿಗಿಂತ ಕಾಣದ ಬೆಂಕಿ ಹೆಚ್ಚು ಅಪಾಯಕಾರಿ ಎಂಬುದು ಅದರ ತಾತ್ಪರ್ಯ.

ಇಂದು ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿ ನೆಲೆಸಿದ್ದಾರೆ. ಅಲ್ಲಿಯೇ ಸ್ವಂತ ಮನೆಗಳನ್ನೂ ಕೊಂಡಿದ್ದಾರೆ. ಆ ಶೀತದೇಶಗಳ ಮನೆಗಳಲ್ಲಿ ನಡುಮನೆಯ ಗೋಡೆಗೆ ಹೊಂದಿಕೊಂಡಂತೆ ಅಗ್ಗಿಷ್ಟಿಕೆ ಇರುವುದು ವಾಡಿಕೆ. ಹಿಂದೆ ಅದರಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಈಗ ಬಹುಪಾಲು ಮನೆಗಳಲ್ಲಿ ಅನಿಲ ಉರಿಯುತ್ತದೆ. ಮನೆಯನ್ನು ಬಿಸಿಮಾಡಲು ಬೇರೆ ಯಂತ್ರವಿರುವುದರಿಂದ ಇದು ಹಲವರಿಗೆ ಬೇಡವಾಗಿದೆ. ಅಂಬೆಗಾಲಿಡುವ ಮಗು ಬಿಸಿ ಗಾಜನ್ನು ಮುಟ್ಟೀತು ಎಂಬ ಭಯದಿಂದಲೋ, ಸ್ಥಳ ಸಾಲದೆಂದೋ, ಅದನ್ನು ಕಿತ್ತು ಹಾಕಿಸುತ್ತಾರೆ. ಉಳಿದ ಗೂಡು ನೋಡಲು ನಮ್ಮ ದೇವರ ಮಾಡದಂತೆಯೇ ಇರುತ್ತದೆ. ಕೆಲವರು ಅಲ್ಲಿ ಬಸವಣ್ಣನವರ ಭಾವಚಿತ್ರವನ್ನಿಟ್ಟು, ದೀಪ ಹಚ್ಚಿ, ಅಗರಬತ್ತಿ ಬೆಳಗಿ, ಅದನ್ನೇ ಪೂಜಾಸ್ಥಾನ ಮಾಡಿಕೊಳ್ಳುತ್ತಾರೆ.

ಭಾವನೆ ಸರಿಯಾದುದೇ. ಆದರೆ ಆ ಗೂಡಿನ ಮೂಲೆಯಲ್ಲಿ ಅರ್ಧ ಅಂಗುಲದ ಉಕ್ಕಿನ ಕೊಳವೆಯೊಂದು ಗೋಡೆಯಿಂದ ಹೊರಗೆ ತಲೆಹಾಕಿರುತ್ತದೆ. ಅದರೊಳಗೆ ಅನಿಲ ನಿಂತೇ ಇರುತ್ತದೆ. ಮೇಲೆ ಹೊಗೆ ಹೋಗಲೆಂದು ಕೊರೆದ ದಾರಿ ತೆರೆದೇ ಇರುತ್ತದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿಗೆ ಹೋಗುವ ತಾಯಿಗೆ ಇದರ ಅರಿವಿರುವುದಿಲ್ಲ. ಅವರು ಪ್ರತಿದಿನ ಬೆಳಗಿನ ಜಾವ ಎದ್ದು, ಕಡ್ಡಿ ಗೀರಿ, ಆ ಗೂಡಿನಲ್ಲಿಯೇ ದೀಪ ಹಚ್ಚುತ್ತಾರೆ. ಆದ್ದರಿಂದ ಈ ವಿಷಯ ಕೇವಲ ಎಂಜಿನಿಯರರಿಗೆ ಬಿಟ್ಟುಕೊಡತಕ್ಕದ್ದಲ್ಲ; ಮನೆಮಂದಿಯೆಲ್ಲ ತಿಳಿಯತಕ್ಕದ್ದು.

ತೆಗೆದದ್ದು ಯಾವುದು, ಉಳಿದದ್ದು ಯಾವುದು?

ಅನಿಲದ ಅಗ್ಗಿಷ್ಟಿಕೆಗಳಲ್ಲಿ ನಾಲ್ಕು ಬಗೆಗಳನ್ನು ಮುಖ್ಯವಾಗಿ ಕಾಣಬಹುದು. ಮೊದಲನೆಯದು, ಇಟ್ಟಿಗೆಯ ಹಳೆಯ ಅಗ್ಗಿಷ್ಟಿಕೆಯಲ್ಲಿಯೇ ಕಟ್ಟಿಗೆಯ ಆಕಾರದ ಕೃತಕ ಕೊರಡುಗಳನ್ನಿಟ್ಟು, ಅವುಗಳ ಕೆಳಗೆ ಅನಿಲ ಉರಿಸುವುದು. ಇದರ ಹೊಗೆ ಹಳೆಯ ಚಿಮಣಿಯಿಂದಲೇ ಹೋಗುತ್ತದೆ. ಎರಡನೆಯದು, ಕಾರ್ಖಾನೆಯಲ್ಲಿ ತಯಾರಾದ ಲೋಹದ ಪೆಟ್ಟಿಗೆ. ಇದರ ಹೊಗೆ ಎರಡು ಪದರಗಳುಳ್ಳ ತಗಡಿನ ಕೊಳವೆಯ ಮೂಲಕ ಮಹಡಿಗಳನ್ನು ದಾಟಿ ಛಾವಣಿಯ ಮೇಲೆ ಹೊರಬೀಳುತ್ತದೆ. ಅಲ್ಲಿಯವರು ಇದನ್ನು ಬಿ-ವೆಂಟ್ ಎನ್ನುತ್ತಾರೆ. ಮೂರನೆಯದು ಡೈರೆಕ್ಟ್ ವೆಂಟ್. ಇದರಲ್ಲಿ ಒಂದರೊಳಗೊಂದು ಸೇರಿದ ಎರಡು ಕೊಳವೆಗಳಿದ್ದು, ಒಳಗಿನದರಿಂದ ಹೊಗೆ ಹೊರಹೋಗುತ್ತದೆ, ಹೊರಗಿನದರಿಂದ ಉರಿಗೆ ಬೇಕಾದ ಗಾಳಿ ಒಳಬರುತ್ತದೆ. ನಾಲ್ಕನೆಯದಕ್ಕೆ ಹೊಗೆಯ ದಾರಿಯೇ ಇಲ್ಲ. ಉರಿದುದೆಲ್ಲವೂ ಕೋಣೆಯಲ್ಲಿಯೇ ಬೆರೆಯುತ್ತದೆ.

ಯಾವ ಬಗೆಯದಾದರೂ, ಕೆಲಸದವರು ಬಂದು ಕಿತ್ತೊಯ್ಯುವುದು ಕಣ್ಣಿಗೆ ಕಾಣುವ ಪೆಟ್ಟಿಗೆಯನ್ನು ಮಾತ್ರ. ಗೋಡೆಯೊಳಗೆ ಮೂರು ವಸ್ತುಗಳು ಉಳಿಯುತ್ತವೆ: ಅನಿಲ ತರುವ ಕೊಳವೆ, ಹೊಗೆ ಒಯ್ಯುವ ಕೊಳವೆ, ಬೀಸಣಿಗೆಗೂ ಗುಂಡಿಗೂ ಎಳೆದ ವಿದ್ಯುತ್ ತಂತಿ. ಇವುಗಳ ಮೇಲೆ ಹಲಗೆ ಬಡಿದು ಬಣ್ಣ ಬಳಿದರೆ ಗೋಡೆ ಚೆಂದ ಕಾಣುತ್ತದೆ. ಆದರೆ ಗೋಡೆಯ ಚೆಲುವಿಗೂ ಮನೆಯ ಕ್ಷೇಮಕ್ಕೂ ಸಂಬಂಧವಿಲ್ಲ.

ಇತಿಹಾಸ ಕಲಿಸಿದ ಪಾಠ

ಬಿಟ್ಟುಹೋದ ಅನಿಲದ ಕೊಳವೆಗಳ ಸಮಸ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್‌ರೂತ್ ಎಂಬ ಊರಿನಲ್ಲಿ 1792ರಲ್ಲಿ ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರು ಕಲ್ಲಿದ್ದಲಿನಿಂದ ತೆಗೆದ ಅನಿಲದಲ್ಲಿ ತನ್ನ ಮನೆಯ ದೀಪಗಳನ್ನು ಉರಿಸಿದನು. ಮುಂದಿನ ಶತಮಾನದಲ್ಲಿ ಯೂರೋಪು, ಅಮೆರಿಕಗಳ ನಗರಗಳ ಗೋಡೆಗಳೊಳಗೆ ಅನಿಲದೀಪದ ಕೊಳವೆಗಳು ಬಳ್ಳಿಯಂತೆ ಹಬ್ಬಿದವು. ವಿದ್ಯುತ್ತು ಬಂದ ಮೇಲೆ ದೀಪಗಳನ್ನು ಕಳಚಿದರು. ಕೊಳವೆಗಳನ್ನು ಅಲ್ಲಿಯೇ ಬಿಟ್ಟರು. ಆ ಕಾಲದ ಮನೆಗಳನ್ನು ಇಂದು ದುರಸ್ತಿ ಮಾಡುವಾಗಲೂ ಗೋಡೆಯಲ್ಲಿ ಅಂತಹ ಕೊಳವೆಗಳು ಸಿಗುವುದುಂಟು. ಅನುಭವಸ್ಥ ಕೆಲಸಗಾರನು ಅವುಗಳನ್ನು ಖಾಲಿಯೆಂದು ಎಣಿಸುವುದಿಲ್ಲ. ಪರೀಕ್ಷಿಸಿ ನೋಡುವವರೆಗೂ ಪ್ರತಿಯೊಂದು ಕೊಳವೆಯಲ್ಲೂ ಅನಿಲವಿದೆ ಎಂದೇ ಭಾವಿಸುತ್ತಾನೆ.

ಎರಡು ದುರಂತಗಳನ್ನು ಇಲ್ಲಿ ಸ್ಮರಿಸಬೇಕು. ಇವು ಅಗ್ಗಿಷ್ಟಿಕೆಯಿಂದ ಆದವುಗಳಲ್ಲ. ಆದರೂ ಅನಿಲದ ಸ್ವಭಾವವನ್ನು ಇವುಗಳಷ್ಟು ಸ್ಪಷ್ಟವಾಗಿ ಬೇರಾವುದೂ ತಿಳಿಸಲಾರದು. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಕೋಣೆಗಳನ್ನು ಬಿಸಿಮಾಡಲು ಅನಿಲವನ್ನು ಬಳಸುತ್ತಿದ್ದರು. ಅಂದಿನ ಅನಿಲಕ್ಕೆ ವಾಸನೆಯೇ ಇರಲಿಲ್ಲ. ಎಲ್ಲಿಯೋ ಸೋರಿದ ಅನಿಲ ಕಟ್ಟಡದ ಅಡಿಯ ಪೊಳ್ಳಿನಲ್ಲಿ ಶೇಖರವಾಗುತ್ತ ಹೋಯಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರೂ ಕಾರಣ ಯಾರಿಗೂ ಹೊಳೆಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ಮರ ಉಜ್ಜುವ ಯಂತ್ರವೊಂದರ ಕಿಡಿಯಿಂದ ಇಡೀ ಶಾಲೆ ಸಿಡಿಯಿತು. ಮಡಿದವರು ಸುಮಾರು 300 ಮಂದಿ. ಅವರಲ್ಲಿ ಬಹುತೇಕರು ಮಕ್ಕಳು. ಆ ಬಳಿಕವೇ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಟ್ಟಳೆ ಟೆಕ್ಸಾಸಿನಲ್ಲಿ ಬಂದಿತು, ಅನಂತರ ಬೇರೆಡೆಗೂ ಹಬ್ಬಿತು. ನಾವು ಇಂದು ‘ಗ್ಯಾಸ್ ವಾಸನೆ’ ಎನ್ನುವುದು ಅನಿಲದ ಸಹಜ ಗಂಧವಲ್ಲ. ಆ ಮಕ್ಕಳ ಸಾವು ಜಗತ್ತಿಗೆ ಬಿಟ್ಟುಹೋದ ಎಚ್ಚರಿಕೆ.

ಇನ್ನೊಂದು ಲಂಡನ್ ಮಹಾನಗರದಲ್ಲಿ ನಡೆದದ್ದು. ಅಲ್ಲಿ ರೋನನ್ ಪಾಯಿಂಟ್ ಎಂಬ 22 ಅಂತಸ್ತುಗಳ ಹೊಸ ವಸತಿಗೃಹವಿತ್ತು. 1968ರ ಮೇ 16ರ ಬೆಳಗಿನ ಜಾವ, 18ನೆಯ ಅಂತಸ್ತಿನ ಮಹಿಳೆಯೊಬ್ಬರು ಚಹಾಕ್ಕೆಂದು ಕಡ್ಡಿ ಗೀರಿದೊಡನೆ ಸೋರಿ ನಿಂತಿದ್ದ ಅನಿಲ ಸ್ಫೋಟಿಸಿತು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. 4 ಮಂದಿ ಸತ್ತರು. ವಿಚಾರಣೆ ನಡೆದಾಗ ಸೋರಿಕೆಯ ಮೂಲ ಒಲೆಯ ಜೋಡಣೆಯಲ್ಲಿದ್ದ ಕೀಳುಮಟ್ಟದ ಒಂದು ಹಿತ್ತಾಳೆಯ ನಟ್ಟು ಎಂದು ತಿಳಿಯಿತು. ಕಟ್ಟಡ ಅಷ್ಟು ದೂರ ಕುಸಿಯಲು ಅದರ ರಚನೆಯ ದೌರ್ಬಲ್ಯವೂ ಕಾರಣವಾಗಿತ್ತು. ಆದರೆ ಅನಿಲಕ್ಕೆ ಹೊರಬರಲು ಒಂದು ನಟ್ಟಿನ ದೋಷವೇ ಸಾಕಾಯಿತು.

ಈ ಎರಡೂ ಪ್ರಸಂಗಗಳಿಂದ ನಾವು ಅರಿಯಬೇಕಾದುದಿಷ್ಟು: ಅನಿಲ ಬಯಲಿನಲ್ಲಿ ಚದುರಿ ಹೋಗುತ್ತದೆ, ಪೊಳ್ಳಿನಲ್ಲಿ ಮನೆಮಾಡುತ್ತದೆ, ಅದು ಹೊರಬರುವುದು ಕೊಳವೆಯ ನಡುವಿನಿಂದಲ್ಲ, ಹೆಚ್ಚಾಗಿ ಕೀಲಿನಿಂದ. ಅಗ್ಗಿಷ್ಟಿಕೆ ಕಿತ್ತ ಗೋಡೆಯಲ್ಲಿ ಪೊಳ್ಳೂ ಉಂಟು, ಬಿಚ್ಚಿದ ಕೀಲೂ ಉಂಟು.

ಕೊಳವೆಯನ್ನು ಮುಚ್ಚುವ ಕ್ರಮ

ಮನೆಬಳಕೆಯ ನೈಸರ್ಗಿಕ ಅನಿಲದ ಮುಖ್ಯ ಅಂಶ ಮೀಥೇನ್. ಅದು ಗಾಳಿಗಿಂತ ಹಗುರವಾದುದರಿಂದ ಮೇಲೇರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 5ರಿಂದ 15 ಭಾಗದ ನಡುವೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಅಮೆರಿಕದ ಸಾಮಾನ್ಯ ಮನೆಯ ಕೊಳವೆಯಲ್ಲಿ ಅನಿಲದ ಒತ್ತಡ ಏಳು ಅಂಗುಲ ಎತ್ತರದ ನೀರನ್ನು ಎತ್ತಿಹಿಡಿಯುವಷ್ಟು ಮಾತ್ರ. ಕಾರಿನ ಗಾಲಿಯೊಳಗಿನ ಒತ್ತಡದ ನೂರರಲ್ಲೊಂದು ಪಾಲೂ ಅಲ್ಲ. ಇಷ್ಟು ಮೃದುವಾದ ಒತ್ತಡವೆಂದು ಉದಾಸೀನ ಸಲ್ಲದು. ಅದು ಹಗಲಿರುಳೂ ಇರುವ ಒತ್ತಡ. ಸಡಿಲವಾದ ಕೀಲಿಗಾಗಿ ಕಾದಿರುವ ಒತ್ತಡ.

ಹಳೆಯ ಅಗ್ಗಿಷ್ಟಿಕೆಗಳ ಪಕ್ಕದ ನೆಲದಲ್ಲಿಯೋ ಗೋಡೆಯಲ್ಲಿಯೋ ಕೀಲಿಕೈ ಹಾಕಿ ತಿರುಗಿಸುವ ಚಿಕ್ಕ ವಾಲ್ವ್ ಇರುತ್ತದೆ. ಬಹಳ ಜನ ಅದನ್ನು ತಿರುಗಿಸಿ, ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಇದೇ ಮೂಲಭೂತ ತಪ್ಪು ಗ್ರಹಿಕೆ. ವಾಲ್ವ್ ಎಂಬುದು ತೆರೆಯಲೆಂದೇ ಮಾಡಿದ ಬಾಗಿಲು. ಅದರ ಒಳಮೈ ಸವೆಯುತ್ತದೆ, ಹಚ್ಚಿದ ಜಿಡ್ಡು ಒಣಗುತ್ತದೆ, ಆಟವಾಡುವ ಮಗು ಅದನ್ನು ತಿರುಗಿಸಬಹುದು. ಬಾಗಿಲು ಹಾಕುವುದು ಬೇರೆ, ಗೋಡೆ ಕಟ್ಟುವುದು ಬೇರೆ. ಅಮೆರಿಕದ ರಾಷ್ಟ್ರೀಯ ಅನಿಲ ಸಂಹಿತೆಯ ನಿಯಮವೂ ಇದನ್ನೇ ಹೇಳುತ್ತದೆ: ಉಪಕರಣ ಜೋಡಿಸದ ಪ್ರತಿಯೊಂದು ಅನಿಲದ ಬಾಯನ್ನೂ, ಅದಕ್ಕೆ ವಾಲ್ವ್ ಇದ್ದರೂ ಸಹ, ತಿರುಪಿನ ಮುಚ್ಚಳದಿಂದಲೋ ಬಿರಡೆಯಿಂದಲೋ ಅನಿಲ ಸೋರದಂತೆ ಮುಚ್ಚಬೇಕು.

ಮುಚ್ಚುವುದೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಗೂಡಿನಲ್ಲಿ ಕಾಣುವ ತುದಿಗೆ ಮುಚ್ಚಳ ಹಾಕುವುದು ತಾತ್ಕಾಲಿಕವಾಗಿ ಸರಿ; ಮುಂದೆ ಮತ್ತೆ ಅಗ್ಗಿಷ್ಟಿಕೆ ಇಡುವ ಯೋಚನೆಯಿದ್ದರೆ ಆ ತುದಿ ಕೈಗೆ ಎಟಕುವಂತಿರಬೇಕು. ಆದರೆ ಅನಿಲದ ಬಳಕೆ ಇನ್ನು ಬೇಡವೇ ಬೇಡ ಎಂದಾದರೆ, ಶಾಖೆಯ ಮೂಲಕ್ಕೆ ಹೋಗುವುದು ಶ್ರೇಷ್ಠ ಮಾರ್ಗ. ನೆಲಮಾಳಿಗೆಯಲ್ಲಿ ಮುಖ್ಯ ಕೊಳವೆಯಿಂದ ಅಗ್ಗಿಷ್ಟಿಕೆಗೆ ಕವಲೊಡೆದ ಸ್ಥಳವನ್ನು ಹುಡುಕಿ, ಅಲ್ಲಿಯೇ ಕಳಚಿ ಬಿರಡೆ ಬಿಗಿಯಬೇಕು. ಆಗ ಗೋಡೆಯೊಳಗಿನ ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆಯನ್ನು ಸಾಧ್ಯವಿದ್ದರೆ ತೆಗೆಯಬೇಕು. ಸಾಧ್ಯವಿಲ್ಲದಿದ್ದರೆ ಎರಡೂ ತುದಿಗಳನ್ನು ಮುಚ್ಚಿ ಬಿಡಬಹುದು. ಬೇರನ್ನು ಬಿಟ್ಟು ಚಿಗುರನ್ನು ಚಿವುಟಿದರೆ ಕಳೆ ಸಾಯುವುದಿಲ್ಲ ಎಂಬುದನ್ನು ರೈತರ ಮಕ್ಕಳಾದ ನಮಗೆ ಯಾರೂ ಹೇಳಬೇಕಾಗಿಲ್ಲ.

ಈ ಕಾರ್ಯ ಪರವಾನಗಿ ಪಡೆದ ಕೆಲಸಗಾರನದು. ಮನೆಯ ಯಜಮಾನನು ಭಾನುವಾರದ ಬಿಡುವಿನಲ್ಲಿ ಕೈಹಾಕತಕ್ಕದ್ದಲ್ಲ. ಬ್ರಿಟನ್ನಿನಲ್ಲಂತೂ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಹಣ ಪಡೆದು ಇಂತಹ ಕೆಲಸ ಮಾಡಬೇಕೆಂಬುದು ಕಾನೂನು; ಈ ದಾಖಲೆ 2009ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಕೆಲಸ ಸರಿಯಾಗಿ ನಡೆಯಿತೇ ಎಂದು ನೋಡುವ ಅರಿವು ಮನೆಯವರಿಗೂ ಇರಬೇಕು. ನೋಡಬೇಕಾದ ಅಂಶಗಳು ಇವು:

ಮೊದಲಿಗೆ ಮೀಟರಿನ ಬಳಿ ಅನಿಲ ನಿಲ್ಲಿಸಬೇಕು. ಲೋಹದ ಕೊಳವೆಯನ್ನು ಕತ್ತರಿಸುವ ಮುನ್ನ ಕತ್ತರಿಸುವ ಸ್ಥಳದ ಎರಡೂ ಬದಿಗೆ ತಾತ್ಕಾಲಿಕ ತಂತಿಯೊಂದನ್ನು ಕಟ್ಟುವುದು ಬ್ರಿಟನ್ನಿನ ಕೆಲಸಗಾರರ ರೂಢಿ; ಕೊಳವೆಯಲ್ಲಿ ಎಲ್ಲಿಂದಲೋ ವಿದ್ಯುತ್ತು ಹರಿಯುತ್ತಿದ್ದರೆ ಕಿಡಿ ಹಾರದಿರಲೆಂದು ಈ ಏರ್ಪಾಡು. ಮುಚ್ಚಳ ಲೋಹದ್ದಾಗಿರಬೇಕು, ಅನಿಲಕ್ಕೆಂದೇ ತಯಾರಾದ ಲೇಪವನ್ನೋ ಪಟ್ಟಿಯನ್ನೋ ತಿರುಪಿಗೆ ಸುತ್ತಿರಬೇಕು. ಚಿಂದಿ, ಮೇಣ, ಅಂಟುಪಟ್ಟಿಗಳು ಇಲ್ಲಿ ಸಲ್ಲವು. ಹಳದಿ ಹೊದಿಕೆಯ ಬಳುಕುವ ಉಕ್ಕಿನ ಕೊಳವೆಯಾಗಿದ್ದರೆ ಅದರ ತಯಾರಕರೇ ಗೊತ್ತುಮಾಡಿದ ಜೋಡಣೆಯನ್ನೇ ಬಳಸಬೇಕು. ಬಳಿಕ ಕೊಳವೆಗೆ ಗಾಳಿ ತುಂಬಿ, ಒತ್ತಡಮಾಪಕದ ಮುಳ್ಳು ಇಳಿಯುವುದೇ ಎಂದು ನೋಡಬೇಕು. ಕೊನೆಯಲ್ಲಿ ಅನಿಲ ಬಿಟ್ಟು, ಪ್ರತಿಯೊಂದು ಕೀಲಿಗೂ ಸಾಬೂನಿನ ನೊರೆ ಹಚ್ಚಬೇಕು. ಗುಳ್ಳೆ ಎದ್ದರೆ ಸೋರಿಕೆಯಿದೆ ಎಂದರ್ಥ. ಉರಿಯುವ ಕಡ್ಡಿಯನ್ನು ಹಿಡಿದು ಸೋರಿಕೆ ನೋಡುವ ದುಸ್ಸಾಹಸವನ್ನು ಯಾರೂ ಮಾಡಬಾರದು. ಅನಿಲ ನಿಲ್ಲಿಸಿದಾಗ ನೀರು ಕಾಯಿಸುವ ಯಂತ್ರದಂತಹ ಇತರ ಉಪಕರಣಗಳ ಕಿರುಜ್ವಾಲೆಗಳೂ ಆರಿರುತ್ತವೆ; ಅವನ್ನು ಕ್ರಮವಾಗಿ ಮತ್ತೆ ಹೊತ್ತಿಸಿದ ಮೇಲೆಯೇ ಕೆಲಸಗಾರನನ್ನು ಬೀಳ್ಕೊಡಬೇಕು.

ನೊರೆಯ ಪರೀಕ್ಷೆ ಮುಗಿಯುವ ಮೊದಲು ಗೋಡೆ ಮುಚ್ಚಲು ಬಡಗಿಗೆ ಅಪ್ಪಣೆ ಕೊಡಬಾರದು. ಬಿಚ್ಚುವಂತಹ ಕೆಲವು ಜೋಡಣೆಗಳನ್ನೂ ವಾಲ್ವ್‌ಗಳನ್ನೂ ಗೋಡೆಯೊಳಗೆ ಹುದುಗಿಸುವುದು ಅಲ್ಲಿಯ ನಿಯಮಗಳಿಗೂ ವಿರುದ್ಧ.

ಹೊಗೆಯ ದಾರಿ

ಅನಿಲದ ಕೊಳವೆಯ ಭಯ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಹೊಗೆಯ ದಾರಿಯಾದರೋ ಬರಿಯ ತೂತು ತಾನೇ ಎಂಬ ಅಸಡ್ಡೆಗೆ ಗುರಿಯಾಗುತ್ತದೆ. ವಾಸ್ತವದಲ್ಲಿ ಹೆಚ್ಚು ವಿವೇಚನೆ ಬೇಕಾದದ್ದು ಇಲ್ಲಿಯೇ. ಅನಿಲದ ಕೊಳವೆಯನ್ನು ಮುಚ್ಚದಿದ್ದರೆ ಅಪಾಯ. ಹೊಗೆಯ ದಾರಿಯನ್ನು ತಿಳಿಯದೆ ಮುಚ್ಚಿದರೆ ಅಪಾಯ.

ಡೈರೆಕ್ಟ್ ವೆಂಟಿನ ಕೆಲಸ ಸರಳವಾದುದು. ಜೋಡಿ ಕೊಳವೆಯನ್ನೂ ಹೊರಗೋಡೆಯ ಮೇಲಿನ ಲೋಹದ ಬಾಯನ್ನೂ ಪೂರ್ತಿಯಾಗಿ ತೆಗೆದು, ತೂತನ್ನು ಗೋಡೆಯ ಪದರಗಳಿಗೆ ಅನುಗುಣವಾಗಿ ಒಂದೊಂದಾಗಿ ಮುಚ್ಚಬೇಕು: ಹಲಗೆ, ನೀರು ತಡೆಯುವ ಪದರ, ಶಾಖ ತಡೆಯುವ ಹತ್ತಿ, ಹೊರಹೊದಿಕೆ. ಒಳಗಿನಿಂದ ಬಟ್ಟೆ ತುರುಕಿ ಬಿಟ್ಟರೆ ಚಳಿಗಾಲದಲ್ಲಿ ತೇವ ಕಟ್ಟಿ ಮರ ಕೊಳೆಯುತ್ತದೆ, ಬೇಸಗೆಯಲ್ಲಿ ಕಣಜಗಳು ಗೂಡುಕಟ್ಟುತ್ತವೆ.

ಬಿ-ವೆಂಟ್ ಪ್ರತಿ ಮಹಡಿಯ ನೆಲವನ್ನೂ ಕೊರೆದು ಮೇಲೆ ಹೋಗಿರುತ್ತದೆ. ಒಂದೊಂದು ಮಹಡಿಯಲ್ಲೂ ಅದರ ಸುತ್ತ ಬೆಂಕಿ ಮೇಲೇರದಂತೆ ತಗಡಿನ ತಡೆ ಇರುತ್ತದೆ. ಕೊಳವೆಯನ್ನು ಎಳೆದು ತೆಗೆದಾಗ ಆ ತಡೆಯೂ ಹೋಗಿ, ನೆಲದಿಂದ ಅಟ್ಟದವರೆಗೆ ಒಂದು ಸುರಂಗ ಉಳಿಯುತ್ತದೆ. ಅಲ್ಲಿಯ ಮನೆಗಳ ಅಸ್ಥಿಪಂಜರ ಬಹುಮಟ್ಟಿಗೆ ಮರದ್ದು. ಎಂದಾದರೂ ಕೆಳಗೆ ಬೆಂಕಿ ಬಿದ್ದರೆ ಈ ಸುರಂಗ ಅದನ್ನು ಕ್ಷಣಮಾತ್ರದಲ್ಲಿ ಮಕ್ಕಳು ಮಲಗುವ ಮಹಡಿಗೆ ಒಯ್ಯುತ್ತದೆ. ಆದ್ದರಿಂದ ಪ್ರತಿ ಮಹಡಿಯ ತೂತನ್ನೂ ಬೆಂಕಿ ತಡೆಯುವ ವಸ್ತುವಿನಿಂದ ಬೇರೆ ಬೇರೆಯಾಗಿ ಮುಚ್ಚಿಸಬೇಕು; ಛಾವಣಿಯ ತೂತನ್ನು ಮಳೆ ಸೋರದಂತೆ ಹೊದಿಸಬೇಕು.

ಇಟ್ಟಿಗೆಯ ಚಿಮಣಿಯ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಮನೆಗಳಲ್ಲಿ ಒಂದೇ ಚಿಮಣಿಯೊಳಗೆ ಎರಡು ಮೂರು ಹೊಗೆದಾರಿಗಳಿರುವುದುಂಟು. ಒಂದು ಅಗ್ಗಿಷ್ಟಿಕೆಯದು, ಇನ್ನೊಂದು ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಯಂತ್ರದ್ದು. ಅಗ್ಗಿಷ್ಟಿಕೆ ಹೋಯಿತೆಂದು ಛಾವಣಿಯ ಮೇಲೆ ಇಡೀ ಚಿಮಣಿಗೆ ಕಲ್ಲು ಮುಚ್ಚಿಸಿದರೆ, ನೀರಿನ ಯಂತ್ರದ ಹೊಗೆ ಹಿಂದಿರುಗಿ ಮನೆಯೊಳಗೇ ತುಂಬುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಬೆಂಕಿಯ ಅವಘಡಗಳನ್ನು ಬಿಟ್ಟು, ಕೇವಲ ಇದರ ಆಕಸ್ಮಿಕ ಸೇವನೆಯಿಂದಲೇ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಅಲ್ಲಿಯ ಸರ್ಕಾರದ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದು, ಹೊರಗೆ ಹೋದೊಡನೆ ಹಗುರವೆನಿಸಿದರೆ ಅದು ನೆಗಡಿಜ್ವರವಲ್ಲ, ಈ ವಿಷವೆಂದು ಸಂಶಯಪಡಬೇಕು. ಆದುದರಿಂದ ಯಾವ ಹೊಗೆದಾರಿ ಯಾವ ಯಂತ್ರಕ್ಕೆ ಸೇರಿದ್ದೆಂದು ಬಲ್ಲವರಿಂದ ನಿರ್ಧರಿಸಿಕೊಳ್ಳದೆ ಒಂದು ಇಟ್ಟಿಗೆಯನ್ನೂ ಇಡಿಸಬಾರದು. ಕೆಲಸ ಮುಗಿದ ಮೇಲೆ ನೀರಿನ ಯಂತ್ರವನ್ನು ಉರಿಸಿ, ಅದರ ಹೊಗೆಬಾಯಿಯ ಅಂಚಿನಲ್ಲಿ ಅಗರಬತ್ತಿ ಹಿಡಿದು ನೋಡುವುದು ಒಳ್ಳೆಯ ಪರೀಕ್ಷೆ: ಹೊಗೆ ಒಳಸೆಳೆದರೆ ಕ್ಷೇಮ, ಮುಖದ ಕಡೆಗೆ ಬಂದರೆ ಕೂಡಲೇ ಯಂತ್ರ ಆರಿಸಬೇಕು. ಅನಿಲದ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಇದನ್ನು ಮಾಡಬೇಕೆಂಬುದನ್ನು ಮರೆಯಬಾರದು.

ಎರಡನೆಯದು ಗೋಡೆಯ ಆರೋಗ್ಯ. ಬಳಕೆ ತಪ್ಪಿದ ಚಿಮಣಿಯನ್ನು ಮೇಲೂ ಕೆಳಗೂ ಬಿಗಿಯಾಗಿ ಮುಚ್ಚಿದರೆ ಒಳಗೆ ತೇವ ನಿಂತು ಗೋಡೆಯಲ್ಲಿ ಕಲೆಗಳು ಮೂಡುತ್ತವೆ. ಅದಕ್ಕಾಗಿ ಬ್ರಿಟನ್ನಿನಲ್ಲಿ ತುದಿಗೆ ಮಳೆ ತಡೆದು ಗಾಳಿ ಬಿಡುವ ಟೋಪಿಯನ್ನೂ, ಕೆಳಗೆ ಮುಚ್ಚಿದ ಗೂಡಿನಲ್ಲಿ ಜಾಲರಿಯ ಚಿಕ್ಕ ಕಿಂಡಿಯನ್ನೂ ಇಡುತ್ತಾರೆ. ಅಲ್ಲಿಯ ಸಾಲುಮನೆಗಳಲ್ಲಿ ಚಿಮಣಿಯ ಕೆಳಭಾಗವನ್ನೇ ಒಡೆದು ಜಾಗ ಮಾಡಿಕೊಳ್ಳುವವರು ಮೇಲುಳಿದ ಇಟ್ಟಿಗೆಯ ಭಾರಕ್ಕೆ ಆಧಾರ ಕೊಡಿಸಲೇಬೇಕು. ಅದು ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆಯಾಗಿದ್ದರೆ 1996ರ ಪಾರ್ಟಿ ವಾಲ್ ಕಾಯಿದೆಯಂತೆ ಅವರಿಗೆ ಮುಂಚಿತವಾಗಿ ತಿಳಿಸಬೇಕು.

ಮೂರನೆಯದು ಭೂತದಯೆಗೆ ಸಂಬಂಧಿಸಿದ್ದು. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಚಿಮಣಿ ಬಾನಾಡಿ ಎನ್ನಬಹುದಾದ ಪುಟ್ಟ ಹಕ್ಕಿಯೊಂದಿದೆ. ಹಿಂದೆ ಪೊಟರೆಗಳುಳ್ಳ ಹಳೆಯ ಮರಗಳಲ್ಲಿ ಗೂಡುಕಟ್ಟುತ್ತಿದ್ದ ಈ ಹಕ್ಕಿ, ಕಾಡು ಕಡಿದ ಮೇಲೆ ಚಿಮಣಿಗಳನ್ನು ಆಶ್ರಯಿಸಿತು. ಚಳಿಗಾಲದಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ, ವಸಂತದಲ್ಲಿ ಮರಳಿ ಬಂದು ಚಿಮಣಿಯೊಳಗೆ ಮರಿಮಾಡುತ್ತದೆ. ಮೊಟ್ಟೆ ಮರಿಗಳಿರುವ ಅದರ ಗೂಡನ್ನು ಕೆಡಿಸುವುದು 1918ರ ವಲಸೆ ಹಕ್ಕಿಗಳ ಕಾಯಿದೆಯಂತೆ ಅಪರಾಧ. ಹಕ್ಕಿಗಳು ಹಾರಿಹೋದ ಮೇಲೆ, ಶರತ್ಕಾಲದ ಕೊನೆಯಲ್ಲಿ ಚಿಮಣಿ ಮುಚ್ಚಿಸಿದರೆ ಕಾನೂನೂ ಉಳಿಯುತ್ತದೆ, ದಯೆಯೂ ಉಳಿಯುತ್ತದೆ. ದಯೆಯನ್ನೇ ಧರ್ಮದ ಮೂಲವೆಂದು ಸಾರಿದ ಪರಂಪರೆಯವರಿಗೆ ಇದು ಭಾರವೆನಿಸಲಾರದು.

ಬಹಳ ಹಳೆಯ ಮನೆಗಳ ಹೊಗೆಗೊಳವೆ ಕಲ್ನಾರು ಬೆರೆಸಿದ ಸಿಮೆಂಟಿನದಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅಂತಹ ಸಂಶಯವಿದ್ದರೆ ಒಡೆಯದೆ, ಗರಗಸ ಹಾಕದೆ, ಪರೀಕ್ಷಿಸಿದ ಬಳಿಕ ಅದರ ತಜ್ಞರಿಂದಲೇ ತೆಗೆಸಬೇಕು. ಬೀಸಣಿಗೆಯ ವಿದ್ಯುತ್ ತಂತಿಯನ್ನು ಪೆಟ್ಟಿಗೆಯಲ್ಲಿ ಕೊನೆಗೊಳಿಸಬೇಕೇ ಹೊರತು ಗೋಡೆಯೊಳಗೆ ಬರಿದೇ ತೂಗಬಿಡಬಾರದು.

ಮೂಗನ್ನು ಮಾತ್ರ ನಂಬಬಾರದು

ಅನಿಲಕ್ಕೆ ವಾಸನೆ ಬೆರೆಸಿದ್ದರೂ ಮೂಗು ಬೇಗ ಅದಕ್ಕೆ ಒಗ್ಗಿಹೋಗುತ್ತದೆ. ವಯಸ್ಸಾದವರಿಗೆ ಘ್ರಾಣಶಕ್ತಿ ಕುಂದಿರುತ್ತದೆ. ಊದುಬತ್ತಿಯ ಪರಿಮಳ ತುಂಬಿದ ಪೂಜಾಕೋಣೆಯಲ್ಲಿ ಸೂಕ್ಷ್ಮ ವಾಸನೆ ಮರೆಯಾಗಬಹುದು. ಆದ್ದರಿಂದ ಸೂಚಕ ಯಂತ್ರಗಳನ್ನು ಇರಿಸುವುದು ವಿವೇಕ. ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ಕಾರ್ಬನ್ ಮಾನಾಕ್ಸೈಡಿನ ಸೂಚಕ ಬೇರೆ, ಅನಿಲ ಸೋರಿಕೆಯ ಸೂಚಕ ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಮೀಥೇನ್ ಮೇಲೇರುವುದರಿಂದ ಅದರ ಸೂಚಕ ಸೂರಿನ ಬಳಿ ಇರಬೇಕು. ಹಳ್ಳಿಗಾಡಿನ ಮನೆಗಳಲ್ಲಿ ತೊಟ್ಟಿಯಿಂದ ಬರುವ ಪ್ರೊಪೇನ್ ಗಾಳಿಗಿಂತ ಭಾರವಾದುದರಿಂದ ಅದರದು ನೆಲದ ಬಳಿ ಇರಬೇಕು.

ವಾಸನೆ ಬಂದಾಗ ದೀಪ ಹಚ್ಚಬಾರದು, ವಿದ್ಯುತ್ ಗುಂಡಿ ಒತ್ತಬಾರದು, ಒತ್ತಿದ್ದನ್ನು ಆರಿಸಲೂಬಾರದು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಬಂದು, ದೂರದಿಂದಲೇ ಅನಿಲ ಕಂಪನಿಗೋ ಅಗ್ನಿಶಾಮಕ ದಳಕ್ಕೋ ಕರೆ ಮಾಡಬೇಕು. ಪೂಜೆ ಅರ್ಧಕ್ಕೆ ನಿಂತಿತೆಂಬ ಅಳುಕು ಬೇಡ. ಇಷ್ಟಲಿಂಗವನ್ನು ದೇಹದ ಮೇಲೆಯೇ ಧರಿಸುವವರಿಗೆ ಪೂಜೆಯ ಸ್ಥಳ ಎಲ್ಲಿಯಾದರೂ ದೊರಕುತ್ತದೆ.

ನಮ್ಮ ಮನೆಗಳಿಗೂ ಸಲ್ಲುವ ಮಾತು

ಅಗ್ಗಿಷ್ಟಿಕೆ ನಮ್ಮ ನಾಡಿನ ವಸ್ತುವಲ್ಲ. ಆದರೆ ಅನಿಲದಿಂದ ನೀರು ಕಾಯಿಸುವ ಗೀಸರು ನಮ್ಮ ಸ್ನಾನಗೃಹಗಳಲ್ಲಿಯೂ ಇದೆ. ಗಾಳಿಯಾಡದ ಸ್ನಾನಗೃಹದಲ್ಲಿ ಅದನ್ನು ಉರಿಸಿ, ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದವರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿಯೂ ಬಂದಿದೆ. ಗೀಸರು ಇರುವವರೆಗೆ ಅಲ್ಲಿಯ ಗಾಳಿಕಿಂಡಿಯನ್ನು ಚಳಿಗೆಂದೋ ಸೊಳ್ಳೆಗೆಂದೋ ಮುಚ್ಚಬಾರದು. ಸೌರಶಕ್ತಿಯ ಹೀಟರು ಹಾಕಿಸಿ ಗೀಸರು ತೆಗೆದವರು ಅದರ ರಬ್ಬರು ಕೊಳವೆಯನ್ನೂ ರೆಗ್ಯುಲೇಟರನ್ನೂ ಸಿಲಿಂಡರಿಗೆ ಹಾಗೆಯೇ ಬಿಡದೆ ಕಳಚಿ, ಸಿಲಿಂಡರಿನ ಬಾಯಿಗೆ ಅದರ ಸುರಕ್ಷಾ ಮುಚ್ಚಳ ಹಾಕಬೇಕು. ಸಿಲಿಂಡರಿನ ಅನಿಲ ಭಾರವಾದುದು. ಸೋರಿದರೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಸೋರಿಕೆಗೆ ತುರ್ತು ಸಹಾಯದ ದೂರವಾಣಿ ಸಂಖ್ಯೆ 1906. ಬೆಂಗಳೂರಿನಂತಹ ನಗರಗಳಲ್ಲಿ ಕೊಳವೆಯ ಮೂಲಕ ಅನಿಲ ಪಡೆಯುವವರು ಅಡುಗೆಮನೆಯನ್ನು ಬದಲಾಯಿಸುವಾಗ ಆ ಕೊಳವೆಯನ್ನು ಸರಿಸುವ, ಮುಚ್ಚುವ ಕೆಲಸವನ್ನು ಅನಿಲ ಕಂಪನಿಯವರಿಂದಲೇ ಮಾಡಿಸಬೇಕು.

ಕಾಣದ ಕೆಲಸದ ಮಹತ್ವ

ಹೊಸ ಮನೆ ಕೊಂಡಾಗ ಅಗ್ನಿಮೂಲೆ ಯಾವುದು, ಈಶಾನ್ಯ ಯಾವುದು ಎಂದು ವಾಸ್ತುವಿನವರನ್ನು ದೂರವಾಣಿಯಲ್ಲಿ ಕೇಳುವವರು ಇದ್ದಾರೆ. ಶರಣರು ದಿಕ್ಕುಗಳ ಭಯವನ್ನು ಬಿಡಿಸಿ, ಅರಿವಿನ ಕಣ್ಣು ತೆರೆಯಲು ಹೇಳಿದರು. ಅನಿಲದ ಕೊಳವೆ ಎಲ್ಲಿ ಕೊನೆಗೊಳ್ಳುತ್ತದೆ ಎಂದು ಕೇಳುವುದೇ ನಿಜವಾದ ಅಗ್ನಿಮೂಲೆಯ ವಿಚಾರ. ಗೋಡೆಯೊಳಗಿನ ಬಿರಡೆಯನ್ನು ಯಾರೂ ನೋಡುವುದಿಲ್ಲ, ಮೆಚ್ಚುವುದಿಲ್ಲ. ನೋಡುವವರಿಲ್ಲದ ಕಡೆಯಲ್ಲಿಯೂ ಕೆಲಸವನ್ನು ಶುದ್ಧವಾಗಿ ಮಾಡುವವನದೇ ಕಾಯಕ. ಅಂತಹ ಕೆಲಸಗಾರ ದೊರೆತರೆ ಕೂಲಿಯಲ್ಲಿ ಚೌಕಾಸಿ ಮಾಡದೆ ಗೌರವದಿಂದ ಕೊಡಬೇಕು.

ಇನ್ನೊಂದು ಕರ್ತವ್ಯವಿದೆ. ಗೋಡೆ ಮುಚ್ಚುವ ಮೊದಲು ಕೊಳವೆಯ, ಬಿರಡೆಯ ಛಾಯಾಚಿತ್ರಗಳನ್ನು ತೆಗೆದು, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಎಂದು ಬರೆದು, ಊರಾಡಳಿತದ ಪರವಾನಗಿ ಮತ್ತು ತಪಾಸಣೆಯ ಕಾಗದಗಳೊಂದಿಗೆ ಇಡಬೇಕು. ನೆಲಮಾಳಿಗೆಯಲ್ಲಿ ಮುಚ್ಚಿದ ಕವಲಿಗೆ ಚೀಟಿ ಕಟ್ಟಬೇಕು. ಮನೆ ಮಾರಿದಾಗ ಆ ಕಾಗದಗಳನ್ನು ಕೊಳ್ಳುವವರ ಕೈಗೆ ಕೊಡಬೇಕು. ನಾಳೆ ಆ ಗೋಡೆಗೆ ಮೊಳೆ ಹೊಡೆಯುವವನು ಯಾರೋ, ಅವನ ಭಾಷೆ ಯಾವುದೋ, ಮತ ಯಾವುದೋ ನಮಗೆ ತಿಳಿಯದು. ಗುರುತಿಲ್ಲದವರ ಕ್ಷೇಮವನ್ನು ಬಯಸಿ ಮಾಡುವ ಈ ಚಿಕ್ಕ ಉಪಕಾರವೂ ದಾಸೋಹದ ಒಂದು ರೂಪವೇ.

ವಾಚಕ ಬಂಧುಗಳೇ, ಈ ವಾರ ಮಕ್ಕಳು ವಿದೇಶದಿಂದ ಕರೆ ಮಾಡಿದಾಗ ಊಟ, ಹವೆ, ಮೊಮ್ಮಗುವಿನ ಹಲ್ಲುಗಳ ವಿಚಾರ ಮುಗಿದ ಮೇಲೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಅಗ್ಗಿಷ್ಟಿಕೆ ತೆಗೆಸಿದ್ದೀರಾ? ಅದರ ಅನಿಲದ ಕೊಳವೆಗೆ ವಾಲ್ವ್ ಮಾತ್ರ ಇದೆಯೋ, ಬಿರಡೆಯೂ ಇದೆಯೋ? ಹೊಗೆಯ ದಾರಿಯನ್ನು ಮುಚ್ಚಿದವರು ಬೇರೆ ಯಂತ್ರದ ದಾರಿಯನ್ನು ಮುಚ್ಚಿಲ್ಲವಷ್ಟೆ? 

ಮಲಗುವ ಕೋಣೆಗಳ ಬಳಿ ಸೂಚಕ ಯಂತ್ರ ಇದೆಯೇ, ಅದರ ಬ್ಯಾಟರಿ ಚೆನ್ನಾಗಿದೆಯೇ? ಉತ್ತರ ‘ಗೊತ್ತಿಲ್ಲ’ ಎಂದಾದರೆ, ಗೊತ್ತಾಗುವವರೆಗೆ ಆ ಗೂಡಿನಲ್ಲಿ ದೀಪ ಹಚ್ಚುವುದು ಬೇಡವೆಂದು ಹೇಳಿರಿ. ಹಿರಿಯರ ಆಶೀರ್ವಾದ ಮಕ್ಕಳಿಗೆ ಹೀಗೆಯೂ ತಲುಪಲಿ.